ಆಟದ ಅಂಗಳದ ಭೀಷ್ಮ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಫುಟ್‌ಬಾಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಆಟವು ನಮ್ಮ ಶಾಲೆಗಳ ಬಯಲಿನಲ್ಲಿ ಮಕ್ಕಳು ಕಾಲಿನಿಂದ ಒದ್ದು ಆಡುವ ಚೆಂಡಾಟವಲ್ಲ. ಅಲ್ಲಿಯ ಚೆಂಡು ಗುಂಡಗಿರುವುದಿಲ್ಲ; ಎರಡು ತುದಿಗಳಲ್ಲಿಯೂ ಚೂಪಾಗಿ, ನಡುವೆ ಉಬ್ಬಿಕೊಂಡಿರುತ್ತದೆ. ಪಕ್ಷಕ್ಕೆ ಹನ್ನೊಂದು ಮಂದಿ ಆಟಗಾರರು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಜೊತೆಗಾರನ ಕಡೆಗೆ ಎಸೆಯಬಹುದು, ಬೇಕಾದಾಗ ಒದೆಯಲೂಬಹುದು. ಚೆಂಡು ಹಿಡಿದವನನ್ನು ಎದುರು ಪಕ್ಷದವರು ತಬ್ಬಿ ನೆಲಕ್ಕೆ ಕೆಡವಿ ತಡೆಯುತ್ತಾರೆ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಲಾರದ ಪಕ್ಷವು ಚೆಂಡನ್ನು ಎದುರಾಳಿಗಳಿಗೆ ಒಪ್ಪಿಸಬೇಕಾಗುತ್ತದೆ. ಕುಸ್ತಿಯ ಬಲ, ಓಟದ ವೇಗ, ಚದುರಂಗದ ಲೆಕ್ಕಾಚಾರ ಇವು ಮೂರೂ ಬೆರೆತ ಆಟವಿದು.

ಈ ಆಟವು ಅಲ್ಲಿ ಮೊದಲು ಬೆಳೆದದ್ದು ಕಾಲೇಜುಗಳ ಅಂಗಳದಲ್ಲಿ. ಪ್ರತಿಯೊಂದು ಕಾಲೇಜಿನ ತಂಡಕ್ಕೂ ಒಬ್ಬ ಮುಖ್ಯ ತರಬೇತುದಾರನಿರುತ್ತಾನೆ. ಅವನ ಕೈಕೆಳಗೆ ಸಹಾಯಕ ತರಬೇತುದಾರರು ದುಡಿಯುತ್ತಾರೆ. ಮುಂಚೂಣಿಯ ಆಟಗಾರರನ್ನು ಅಣಿಗೊಳಿಸುವವನು ಒಬ್ಬನಾದರೆ, ಚೆಂಡನ್ನು ಒದೆಯುವುದನ್ನು ಕಲಿಸುವವನು ಮತ್ತೊಬ್ಬ. ಮುಂದಿನ ವಾರದ ಎದುರಾಳಿಗಳ ಪಂದ್ಯವನ್ನು ಮುಂಚಿತವಾಗಿಯೇ ನೋಡಿ, ಅವರ ತಂತ್ರಗಳನ್ನು ಬರೆದುಕೊಂಡು ಬರುವವನು ಇನ್ನೊಬ್ಬ. ತಂಡ ಗೆದ್ದಾಗ ಪತ್ರಿಕೆಗಳಲ್ಲಿ ಮುಖ್ಯ ತರಬೇತುದಾರನ ಚಿತ್ರ ಅಚ್ಚಾಗುತ್ತದೆ. ಸಹಾಯಕನ ಹೆಸರು ಬಹುಮಟ್ಟಿಗೆ ಯಾರ ಕಿವಿಗೂ ಬೀಳದು. ಆದುದರಿಂದ ಸಹಾಯಕನಾಗಿ ಸೇರಿದವನು ಎಂದಾದರೊಂದು ದಿನ ತಾನೂ ಮುಖ್ಯನಾಗಬೇಕೆಂದು ಹಂಬಲಿಸುವುದು ಸಹಜ. ಏಮಸ್ ಅಲೋಂಜೊ ಸ್ಟ್ಯಾಗ್ ಎಂಬ ಮಹನೀಯರು ಈ ಮೆಟ್ಟಲುಗಳನ್ನು ತಲೆಕೆಳಗಾಗಿ ಹತ್ತಿದರು. ಐವತ್ತೇಳು ವರ್ಷ ಮುಖ್ಯ ತರಬೇತುದಾರರಾಗಿ ದೇಶದ ಕೀರ್ತಿಯನ್ನೆಲ್ಲ ಪಡೆದ ಬಳಿಕ, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ಅವರು ಸ್ವಂತ ಮಗನ ಕೈಕೆಳಗೆ ಕೆಲಸಕ್ಕೆ ನಿಂತರು.

ಸ್ಟ್ಯಾಗ್ ಅವರು ಜನಿಸಿದ್ದು 1862ನೆಯ ಇಸವಿ ಆಗಸ್ಟ್ 16ರಂದು, ನ್ಯೂ ಜೆರ್ಸಿ ರಾಜ್ಯದ ವೆಸ್ಟ್ ಆರೆಂಜ್ ಎಂಬಲ್ಲಿ. ಆಗ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿದ್ದರು. ದೇಶವು ಅಂತರ್ಯುದ್ಧದ ಬೇಗೆಯಲ್ಲಿ ಬೇಯುತ್ತಿತ್ತು. ತಂದೆಯವರದು ಪಾದರಕ್ಷೆಗಳನ್ನು ಮಾಡುವ ಕಸುಬು. ಅದು ಸಾಲದಾದಾಗ ಕೂಲಿ ಕೆಲಸ. ಎಂಟು ಮಕ್ಕಳ ಆ ಸಂಸಾರದಲ್ಲಿ ಅಲೋಂಜೊ ಐದನೆಯವರು. ಕೈಕೆಲಸ ಮಾಡಿ ಗಳಿಸಿದ ಹಣದಿಂದಲೇ ಅವರು ಓದಿದರು. ಹೀಗಾಗಿ ಕಾಲೇಜಿನ ಬಾಗಿಲನ್ನು ತಟ್ಟುವ ವೇಳೆಗೆ ವಯಸ್ಸು ಇಪ್ಪತ್ತು ದಾಟಿತ್ತು. ಎಕ್ಸೆಟರ್ ಎಂಬ ಊರಿನ ಶಾಲೆಯಲ್ಲಿ ಓದುತ್ತಿದ್ದಾಗ, ಬೆಂಕಿಯ ಕಾವಿಲ್ಲದ ಅಟ್ಟದ ಕೋಣೆಯೊಂದರಲ್ಲಿ ವಾಸಿಸುತ್ತ, ದಿನವೊಂದಕ್ಕೆ ಹದಿನಾರು ಸೆಂಟುಗಳಲ್ಲಿ ಹೊಟ್ಟೆಯನ್ನು ಹೊರೆದುಕೊಂಡರು. ಅನಂತರ ಹೆಸರುವಾಸಿಯಾದ ಯೇಲ್ ವಿದ್ಯಾಪೀಠವನ್ನು ಸೇರಿದರು. ಕ್ರೈಸ್ತ ಧರ್ಮಬೋಧಕರಾಗಬೇಕೆಂಬುದು ಆಗ ಅವರ ಸಂಕಲ್ಪವಾಗಿತ್ತು.

ಯೇಲ್‌ನಲ್ಲಿ ಅವರ ಹೆಸರು ಮೊದಲು ಹಬ್ಬಿದ್ದು ಬೇಸ್‌ಬಾಲ್ ಆಟದಿಂದ. ಚೆಂಡೆಸೆಯುವುದರಲ್ಲಿ ಅವರಿಗೆ ಸಮನಾದವರು ಕಾಲೇಜು ತಂಡಗಳಲ್ಲಿ ವಿರಳ. ಹಣಕ್ಕಾಗಿ ಆಡುವ ವೃತ್ತಿ ತಂಡಗಳವರು ಅವರನ್ನು ಸೆಳೆಯಲು ದೊಡ್ಡ ಸಂಬಳದ ಆಸೆಯನ್ನು ಒಡ್ಡಿದರು. ತುಂಡು ರೊಟ್ಟಿಗೆ ಲೆಕ್ಕ ಹಾಕುತ್ತಿದ್ದ ಯುವಕನಿಗೆ ಅದು ಸಣ್ಣ ಪ್ರಲೋಭನೆಯೇನಲ್ಲ. ಆದರೆ ಅಂದಿನ ವೃತ್ತಿ ಕ್ರೀಡಾಂಗಣಗಳಿಗೂ ಮದ್ಯದಂಗಡಿಗಳಿಗೂ ಇದ್ದ ನಂಟು ಅವರಿಗೆ ಹಿಡಿಸಲಿಲ್ಲ, ಅವರು ಒಲ್ಲೆನೆಂದರು. ಫುಟ್‌ಬಾಲಿನಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ದೇಶದ ಕಾಲೇಜು ಆಟಗಾರರಲ್ಲೆಲ್ಲ ಶ್ರೇಷ್ಠರಾದ ಹನ್ನೊಂದು ಮಂದಿಯನ್ನು 1889ರಲ್ಲಿ ಮೊತ್ತಮೊದಲ ಬಾರಿಗೆ ಆರಿಸಿದಾಗ, ಆ ಪಟ್ಟಿಯಲ್ಲಿ ಸ್ಟ್ಯಾಗ್ ಅವರ ಹೆಸರೂ ಇದ್ದಿತು. ಮೈಕಟ್ಟಿನಲ್ಲಿ ಗಿಡ್ಡ, ಆದರೆ ಉಕ್ಕಿನಂಥ ಶರೀರ.

ಇಷ್ಟರಲ್ಲಿ ಧರ್ಮಬೋಧನೆಯ ಮಾತು ಹಿಂದೆ ಸರಿಯತೊಡಗಿತು. ಸಭೆಯ ಮುಂದೆ ನಿಂತರೆ ಅವರಿಗೆ ಮಾತು ಹೊರಡುತ್ತಿರಲಿಲ್ಲ. ವೇದಿಕೆಯಿಂದ ಮಾಡಲಾಗದ ಉಪದೇಶವನ್ನು ಆಟದ ಬಯಲಿನಲ್ಲಿ ನಡತೆಯ ಮೂಲಕ ಮಾಡಬಹುದೆಂದು ಬಗೆದು, 1890ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು. ಅಲ್ಲಿ ಫುಟ್‌ಬಾಲ್ ತಂಡವೊಂದನ್ನು ಕಟ್ಟಿದರು. ಆ ತಂಡದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಕೆನಡಾದ ತರುಣರಿದ್ದರು. ಚಳಿಗಾಲದಲ್ಲಿ ಮನೆಯೊಳಗೆ ಆಡಬಹುದಾದ ಆಟವೊಂದು ಬೇಕೆಂದು ಯೋಚಿಸಿ, 1891ರ ಡಿಸೆಂಬರಿನಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಕಟ್ಟಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಇವರೇ. ಇಂದು ನಮ್ಮ ಶಾಲೆಗಳಲ್ಲಿಯೂ ಆಡುವ ಈ ಆಟದ ಮೊದಲ ಸಾರ್ವಜನಿಕ ಪಂದ್ಯವು 1892ರ ಮಾರ್ಚಿಯಲ್ಲಿ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ನಡುವೆ ನಡೆಯಿತು. ವಿದ್ಯಾರ್ಥಿಗಳು ಐದು ಸಲ ಚೆಂಡನ್ನು ಬುಟ್ಟಿಗೆ ಹಾಕಿ ಗೆದ್ದರು. ಉಪಾಧ್ಯಾಯರಿಗೆ ದೊರೆತದ್ದು ಒಂದೇ ಒಂದು. ಆ ಒಂದನ್ನು ಹಾಕಿದವರು ಸ್ಟ್ಯಾಗ್.

ಅದೇ ವರ್ಷ ಚಿಕಾಗೊ ನಗರದಲ್ಲಿ ಹೊಸ ವಿಶ್ವವಿದ್ಯಾನಿಲಯವೊಂದು ತಲೆಯೆತ್ತಿತು. ಅದರ ಮೊದಲ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರ್ ಅವರು ಯೇಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಸ್ಟ್ಯಾಗ್ ಅವರನ್ನು ಬಲ್ಲವರು. ಅವರು ಸ್ಟ್ಯಾಗ್ ಅವರನ್ನು ಕರೆಸಿ, ಅಂಗಸಾಧನೆಯ ವಿಭಾಗಕ್ಕೆ ಮುಖ್ಯಸ್ಥರನ್ನಾಗಿ ನೇಮಿಸಿದರು. ಇತಿಹಾಸವನ್ನೋ ಗಣಿತವನ್ನೋ ಕಲಿಸುವ ಅಧ್ಯಾಪಕರಿಗೆ ಸಲ್ಲುವ ಸ್ಥಾನವನ್ನೇ ಆಟ ಕಲಿಸುವವರಿಗೂ ಕೊಟ್ಟದ್ದು ಆ ಕಾಲಕ್ಕೆ ಅಪೂರ್ವವಾದ ಸಂಗತಿ. ಅದುವರೆಗೆ ತರಬೇತುದಾರರೆಂದರೆ ಆಟದ ದಿನಗಳಲ್ಲಿ ಬಂದು ಹೋಗುವ ಗುತ್ತಿಗೆಯ ಆಳುಗಳು.

ಹೊಸ ವಿಶ್ವವಿದ್ಯಾನಿಲಯದಲ್ಲಿ ಹನ್ನೊಂದು ಆಟಗಾರರನ್ನು ಕೂಡಿಹಾಕುವುದೇ ಕಷ್ಟವಾಗಿತ್ತು. ಮೊದಲ ವರ್ಷ ಸ್ಟ್ಯಾಗ್ ಅವರು ತಾವೂ ಪೋಷಾಕು ತೊಟ್ಟು ಶಿಷ್ಯರ ಜೊತೆಯಲ್ಲಿ ಆಡಿದರು. ಆಡಲು ತಕ್ಕ ಬಯಲಿರಲಿಲ್ಲ. ವರ್ತಕರಾದ ಮಾರ್ಷಲ್ ಫೀಲ್ಡ್ ಅವರಿಂದ ದೊರೆತ ನೆಲಕ್ಕೆ ಗುರುಶಿಷ್ಯರು ಸೇರಿ ತಾವೇ ಹಲಗೆ ಹೊಡೆದು ಬೇಲಿ ಕಟ್ಟಿದರು. ಮುಂದೆ ಆ ಅಂಗಳಕ್ಕೆ ಸ್ಟ್ಯಾಗ್ ಅವರ ಹೆಸರನ್ನೇ ಇಡಲಾಯಿತು. 1894ರಲ್ಲಿ ಅವರು ತಂಡವನ್ನು ರೈಲಿನಲ್ಲಿ ಕ್ಯಾಲಿಫೋರ್ನಿಯಾದವರೆಗೂ ಕರೆದೊಯ್ದು ಕ್ರಿಸ್‌ಮಸ್ ದಿನ ಸ್ಟ್ಯಾನ್‌ಫರ್ಡ್ ತಂಡದೊಡನೆ ಆಡಿಸಿದರು. ಅಂದಿನವರು ಅಂಥ ಪ್ರಯಾಣವನ್ನು ದುಸ್ಸಾಹಸವೆಂದೇ ಎಣಿಸಿದ್ದರು.

ಆ ವರ್ಷವೇ ಅವರ ವಿವಾಹವಾಯಿತು. ಪತ್ನಿ ಸ್ಟೆಲ್ಲಾ ರಾಬರ್ಟ್‌ಸನ್ ಅದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯಾಗಿದ್ದವರು. ಗೃಹಕೃತ್ಯದಲ್ಲಿ ತೊಡಗಿ ಆಕೆ ಆಟದಿಂದ ದೂರ ಉಳಿಯಲಿಲ್ಲ. ಪಂದ್ಯ ನಡೆಯುವಾಗ ಕಾಗದ ಪೆನ್ಸಿಲು ಹಿಡಿದು ಕುಳಿತು, ಯಾವ ಆಟಗಾರ ಎಲ್ಲಿಂದ ಎಲ್ಲಿಗೆ ಓಡಿದ, ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನೆಲ್ಲ ಗೆರೆಗಳಲ್ಲಿ ಗುರುತಿಸುತ್ತಿದ್ದರು. ಎದುರಾಳಿ ತಂಡಗಳ ಪಂದ್ಯಗಳಿಗೆ ಹೋಗಿ ಅವರ ಒಳಗುಟ್ಟನ್ನು ಅರಿತು ಬರುತ್ತಿದ್ದರು. ಸ್ಟ್ಯಾಗ್ ಅವರ ಸಹಾಯಕ ತರಬೇತುದಾರರ ಪಟ್ಟಿಯನ್ನು ಬರೆಯುವುದಾದರೆ, ಸಂಬಳವನ್ನೇ ಪಡೆಯದ ಈ ಸಾಧ್ವಿಯ ಹೆಸರನ್ನು ಮೊದಲು ಬರೆಯುವುದು ನ್ಯಾಯ.

ಕಲಿಸುವುದರಲ್ಲಿ ಸ್ಟ್ಯಾಗ್ ಅವರದು ಹೊಸ ದಾರಿ. ಓಡುವವನನ್ನು ಕೆಡವುವ ಅಭ್ಯಾಸಕ್ಕಾಗಿ ಹಾಸಿಗೆಯನ್ನು ಸುರುಳಿ ಸುತ್ತಿ ಗೊಂಬೆಯಂತೆ ತೂಗುಹಾಕುವ ಉಪಾಯವನ್ನು ಅವರು ಯೇಲ್‌ನಲ್ಲಿದ್ದಾಗಲೇ ಮಾಡಿದ್ದರು. ಆಟದ ಎಷ್ಟೋ ತಂತ್ರಗಳು ಅವರವೆಂದು ಹೇಳುವುದುಂಟು. ಅವುಗಳಲ್ಲಿ ಕೆಲವನ್ನು ಬೇರೆಯವರು ಮೊದಲು ಮಾಡಿರಲೂಬಹುದು. ಆದರೆ ಹೊಸತನ್ನು ಹುಡುಕುವ ಕಣ್ಣು ಅವರಿಗಿದ್ದುದರಲ್ಲಿ ಸಂಶಯವಿಲ್ಲ. ಅವರು ಮದ್ಯವನ್ನಾಗಲಿ ಹೊಗೆಸೊಪ್ಪನ್ನಾಗಲಿ ಮುಟ್ಟಿದವರಲ್ಲ. ಬಯ್ಗುಳದ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿದಾಗ ತಪ್ಪು ಮಾಡಿದ ಹುಡುಗನನ್ನು ಕತ್ತೆ ಎನ್ನುವರು. ತಪ್ಪು ದೊಡ್ಡದಾದರೆ ಇಮ್ಮಡಿ ಕತ್ತೆ; ಅದಕ್ಕೂ ಮೀರಿದರೆ ಮುಮ್ಮಡಿ ಕತ್ತೆ. ಅವರ ಬಯ್ಗುಳದ ಕೋಶ ಅಲ್ಲಿಗೆ ಮುಗಿಯುತ್ತಿತ್ತು. ಗುರುಗಳಿಂದ ಈ ಬಿರುದು ಪಡೆಯದೆ ಆಟ ಕಲಿತವರು ಅಪರೂಪವೆಂದು ಶಿಷ್ಯರು ಮುಂದೆ ನಗುತ್ತ ನೆನೆಯುತ್ತಿದ್ದರು.

ಅವರ ಬಳಿ ಕಲಿತವರು ತಾವೇ ತರಬೇತುದಾರರಾಗಿ ದೇಶದ ಉದ್ದಗಲಕ್ಕೂ ಹರಡಿದರು. ಹರ್ಬರ್ಟ್ ಕ್ರೈಸ್ಲರ್ ಎಂಬ ಹುಡುಗನ ಕಥೆಯನ್ನು ಇಲ್ಲಿ ಹೇಳಬೇಕು. ಆ ಕಾಲದಲ್ಲಿ ಫ್ರಿಟ್ಸ್ ಕ್ರೈಸ್ಲರ್ ಎಂಬ ಪಿಟೀಲು ವಿದ್ವಾಂಸರು ಜಗತ್ಪ್ರಸಿದ್ಧರಾಗಿದ್ದರು. ಅಭ್ಯಾಸದಲ್ಲಿ ಮೇಲಿಂದ ಮೇಲೆ ತಪ್ಪು ಮಾಡುತ್ತಿದ್ದ ಹುಡುಗನನ್ನು ಕಂಡು, ಆ ವಿದ್ವಾಂಸರ ಕೈಚಳಕ ಇವನಲ್ಲಿ ಕಿಂಚಿತ್ತೂ ಇಲ್ಲವಾದ್ದರಿಂದ ಆ ಹೆಸರೇ ಇವನಿಗೆ ಇರಲಿ ಎಂದು ಸ್ಟ್ಯಾಗ್ ಹಾಸ್ಯ ಮಾಡಿದರು. ಫ್ರಿಟ್ಸ್ ಎಂಬ ಹೆಸರು ಕೊನೆಯವರೆಗೂ ಅವರಿಗೆ ಅಂಟಿಕೊಂಡಿತು. ಇದೇ ಫ್ರಿಟ್ಸ್ ಕ್ರೈಸ್ಲರ್ ಮುಂದೆ ಸ್ಟ್ಯಾಗ್ ಅವರ ಬಳಿ ಹಲವು ವರ್ಷ ಸಹಾಯಕ ತರಬೇತುದಾರರಾಗಿ ಪಳಗಿ, ಬಳಿಕ ಮಿಷಿಗನ್ ವಿಶ್ವವಿದ್ಯಾನಿಲಯದ ಹೆಸರಾಂತ ಮುಖ್ಯ ತರಬೇತುದಾರರಾದರು.

ಆ ಮಿಷಿಗನ್ ತಂಡವೇ ಒಂದು ಕಾಲಕ್ಕೆ ಚಿಕಾಗೊದ ಪ್ರಬಲ ಎದುರಾಳಿಯಾಗಿತ್ತು. 1901ರಿಂದ ಮೊದಲುಗೊಂಡು ಐವತ್ತಾರು ಪಂದ್ಯಗಳಲ್ಲಿ ಆ ತಂಡವನ್ನು ಯಾರೂ ಸೋಲಿಸಿರಲಿಲ್ಲ. 1905ರ ನವೆಂಬರ್ 30ರಂದು ಚಿಕಾಗೊದಲ್ಲಿ ಎರಡು ತಂಡಗಳೂ ಎದುರಾದವು. ಬಹಳ ಹೊತ್ತು ಯಾರಿಗೂ ಒಂದು ಅಂಕವೂ ದೊರೆಯಲಿಲ್ಲ. ಕೊನೆಗೆ ಚಿಕಾಗೊದ ವಾಲ್ಟರ್ ಎಕರ್ಸಾಲ್ ಒದ್ದ ಚೆಂಡನ್ನು ತನ್ನ ಗುರಿಗೆರೆಯ ಹಿಂದೆ ಹಿಡಿದ ಮಿಷಿಗನ್ ಆಟಗಾರನೊಬ್ಬನು ಮುಂದಕ್ಕೆ ಓಡಿಬರಲೆಳಸಿದಾಗ, ಚಿಕಾಗೊದವರು ಅವನನ್ನು ಗೆರೆಯ ಹಿಂದಕ್ಕೆ ತಳ್ಳಿ ಕೆಡವಿದರು. ಅದಕ್ಕೆ ಎರಡು ಅಂಕ. ಆ ಎರಡು ಅಂಕಗಳಿಂದಲೇ ಪಂದ್ಯವು ತೀರ್ಮಾನವಾಯಿತು. ಚಿಕಾಗೊ ದೇಶದ ಅಗ್ರಗಣ್ಯ ತಂಡವೆನಿಸಿತು.

ಆದರೆ ಅದೇ 1905ನೆಯ ವರ್ಷ ಈ ಆಟಕ್ಕೆ ಕರಾಳ ವರ್ಷವೂ ಆಗಿದ್ದಿತು. ಆಟದ ಒರಟುತನಕ್ಕೆ ಆ ಋತುವಿನಲ್ಲಿ ಹದಿನೆಂಟಕ್ಕೆ ಕಡಿಮೆಯಿಲ್ಲದಷ್ಟು ಎಳೆಯರು ಬಲಿಯಾದರು. ಆಟವನ್ನೇ ನಿಷೇಧಿಸಬೇಕೆಂಬ ಕೂಗೆದ್ದಿತು. ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಪ್ರಮುಖ ಕಾಲೇಜುಗಳವರನ್ನು ತಮ್ಮ ಭವನಕ್ಕೆ ಕರೆಸಿ ಎಚ್ಚರಿಕೆ ಕೊಟ್ಟರು. ಮರುವರ್ಷ ನಿಯಮಗಳನ್ನು ತಿದ್ದಲಾಯಿತು. ಗುಂಪುಗೂಡಿ ನುಗ್ಗುವುದರ ಬದಲು ಚೆಂಡನ್ನು ಮುಂದಕ್ಕೆ ಎಸೆದು ಆಡಲು ಅವಕಾಶ ದೊರೆಯಿತು. ನಿಯಮಗಳನ್ನು ರೂಪಿಸುವ ಸಮಿತಿಯಲ್ಲಿ ಸ್ಟ್ಯಾಗ್ ಅವರೂ ಇದ್ದರು. ಹೊಸ ನಿಯಮ ಬಂದೊಡನೆಯೇ ಚೆಂಡೆಸೆತದ ಹತ್ತಾರು ವಿನ್ಯಾಸಗಳನ್ನು ಅವರು ಬರೆದು ಸಿದ್ಧಪಡಿಸಿದರು.

ಅವರ ಚಿಕಾಗೊದ ದಿನಗಳೆಲ್ಲ ನಿಷ್ಕಳಂಕವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಗೆಲುವು ಬೆಳೆದಂತೆ ಟಿಕೆಟ್ಟಿನ ಹಣವೂ ಬೆಳೆಯಿತು. ಆಟವು ಪಾಠವನ್ನು ಮೀರಿ ನಿಂತಿತು. ಮಿಷಿಗನ್ ತಂಡವನ್ನು ಸೋಲಿಸಿದ ಎಕರ್ಸಾಲ್ ಪದವಿಯನ್ನು ಪಡೆಯದೆಯೇ ವಿಶ್ವವಿದ್ಯಾನಿಲಯವನ್ನು ಬಿಟ್ಟರು. ಓದಿನಲ್ಲಿ ಹಿಂದುಳಿದ ಆಟಗಾರರನ್ನು ಪೋಷಿಸಿದ ಹೊಣೆಯಲ್ಲಿ ಸ್ಟ್ಯಾಗ್ ಅವರ ಪಾಲೂ ಇದೆಯೆಂದು ಇತಿಹಾಸಕಾರರು ಎತ್ತಿ ತೋರಿಸಿದ್ದಾರೆ. ಸ್ವಂತ ನಡತೆಯಲ್ಲಿ ಅಷ್ಟು ಕಟ್ಟುನಿಟ್ಟಾದವರು ಈ ವಿಷಯದಲ್ಲಿ ಏಕೆ ಸಡಿಲವಾದರೋ ತಿಳಿಯದು.

1924ರ ಪ್ರಾದೇಶಿಕ ಪ್ರಶಸ್ತಿಯೇ ಚಿಕಾಗೊ ತಂಡದ ಕೊನೆಯ ಪ್ರಶಸ್ತಿಯಾಯಿತು. ಸುತ್ತಲಿನ ರಾಜ್ಯಗಳ ದೊಡ್ಡ ವಿಶ್ವವಿದ್ಯಾನಿಲಯಗಳು ಅದನ್ನು ಹಿಂದೆ ಹಾಕಿದವು. 1929ರಲ್ಲಿ ರಾಬರ್ಟ್ ಹಚಿನ್ಸ್ ಎಂಬುವರು ಮೂವತ್ತು ವರ್ಷದ ಎಳೆಯ ವಯಸ್ಸಿನಲ್ಲಿಯೇ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. ವಿದ್ಯೆಯ ಮುಂದೆ ಆಟಕ್ಕೆ ಅವರಲ್ಲಿ ಬೆಲೆಯಿರಲಿಲ್ಲ. 1932ರ ಆಗಸ್ಟಿನಲ್ಲಿ ಸ್ಟ್ಯಾಗ್ ಅವರಿಗೆ ಎಪ್ಪತ್ತು ತುಂಬಿತು. ನಿಯಮದಂತೆ ನಿವೃತ್ತರಾಗಬೇಕೆಂದು ಅಧಿಕಾರಿಗಳು ತಿಳಿಸಿದರು. ನಲವತ್ತೊಂದು ವರ್ಷದ ದುಡಿಮೆಗೆ ಗೌರವವಾಗಿ, ಕೆಲಸವಿಲ್ಲದ ಅಲಂಕಾರದ ಹುದ್ದೆಯೊಂದನ್ನು ಕೊಡಲು ಮುಂದೆ ಬಂದರು. ಸ್ಟ್ಯಾಗ್ ಅವರು ಅದನ್ನು ಒಪ್ಪಿಕೊಳ್ಳಲಿಲ್ಲ. ದುಡಿಯುವ ಶಕ್ತಿ ತಮ್ಮಲ್ಲಿ ಇನ್ನೂ ಇದೆಯೆಂಬುದು ಅವರ ನಂಬಿಕೆ. ತಮ್ಮ ಕೈಯಾರೆ ಬೇಲಿ ಹೊಡೆದ ಅಂಗಳವನ್ನು ಬಿಟ್ಟು, 1933ರಲ್ಲಿ ಪತ್ನಿಯೊಡನೆ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ನಗರಕ್ಕೆ ತೆರಳಿದರು. ಅಲ್ಲಿಯ ಕಾಲೇಜ್ ಆಫ್ ದಿ ಪೆಸಿಫಿಕ್ ಎಂಬ ಚಿಕ್ಕ ವಿದ್ಯಾಸಂಸ್ಥೆಯು ಎಪ್ಪತ್ತರ ಮುದುಕರನ್ನು ಮುಖ್ಯ ತರಬೇತುದಾರರನ್ನಾಗಿ ಬರಮಾಡಿಕೊಂಡಿತು.

ಐದು ವರ್ಷಗಳ ಬಳಿಕ ಒಂದು ವಿಚಿತ್ರ ಸನ್ನಿವೇಶ ಒದಗಿತು. 1938ರ ನವೆಂಬರಿನಲ್ಲಿ ಪೆಸಿಫಿಕ್ ತಂಡವು ಚಿಕಾಗೊ ತಂಡದೊಡನೆ ಆಡಲು ಸ್ಟ್ಯಾಗ್ ಅವರ ಹೆಸರನ್ನೇ ಹೊತ್ತ ಅಂಗಳಕ್ಕೆ ಬಂದಿತು. ಅತಿಥಿಯಾಗಿ ಬಂದ ಹಳೆಯ ಗುರುವಿನ ಹುಡುಗರು 32 ಅಂಕ ಗಳಿಸಿದರು. ಆತಿಥೇಯರಿಗೆ ಒಂದೂ ದೊರೆಯಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಚಿಕಾಗೊ ವಿಶ್ವವಿದ್ಯಾನಿಲಯವು ಫುಟ್‌ಬಾಲನ್ನೇ ಕೈಬಿಟ್ಟಿತು. ಪ್ರೇಕ್ಷಕರಿಲ್ಲದೆ ಬರಿದಾದ ಆ ಅಂಗಳವು ಬೇರೊಂದು ಕಾರಣದಿಂದ ಲೋಕವಿಖ್ಯಾತವಾಯಿತು. ಅದರ ಪಶ್ಚಿಮದ ಮೆಟ್ಟಲುಸಾಲಿನ ಕೆಳಗಿದ್ದ ಕೋಣೆಯೊಂದರಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಅವರ ಸಂಗಡಿಗರು, ಮಾನವನು ನಿಯಂತ್ರಿಸಿದ ಮೊದಲ ಪರಮಾಣು ಸರಣಿ ಕ್ರಿಯೆಯನ್ನು ನಡೆಸಿದರು. ವಿಜ್ಞಾನದ ಪುಸ್ತಕಗಳಲ್ಲಿ ಸ್ಟ್ಯಾಗ್ ಎಂಬ ಹೆಸರು ಕಾಣಿಸಿಕೊಳ್ಳುವುದು ಈ ಬಗೆಯಿಂದ. ಆ ಅಂಗಳವನ್ನು 1957ರಲ್ಲಿ ಕೆಡವಲಾಯಿತು. ಮುಂದೆ ಅದೇ ನೆಲದಲ್ಲಿ ದೊಡ್ಡ ಗ್ರಂಥಾಲಯವೊಂದು ಎದ್ದಿತು.

ಸ್ಟಾಕ್‌ಟನ್‌ನಲ್ಲಿ ಸ್ಟ್ಯಾಗ್ ಅವರ ಭಾಗ್ಯವು ಏರಿಳಿಯುತ್ತಿತ್ತು. 1943ರಲ್ಲಿ, ಯುದ್ಧಕಾಲದಲ್ಲಿ, ನೌಕಾದಳದ ತರಬೇತಿಗೆಂದು ಕಾಲೇಜಿಗೆ ಬಂದ ಯುವಕರ ಬಲದಿಂದ ಅವರ ತಂಡವು ಕ್ಯಾಲಿಫೋರ್ನಿಯಾದ ದೊಡ್ಡ ವಿಶ್ವವಿದ್ಯಾನಿಲಯಗಳನ್ನು ಸೋಲಿಸಿತು. ಎಂಬತ್ತೊಂದು ವರ್ಷದ ಸ್ಟ್ಯಾಗ್ ಅವರನ್ನು ಆ ವರ್ಷದ ಶ್ರೇಷ್ಠ ತರಬೇತುದಾರರೆಂದು ದೇಶದ ಇತರ ತರಬೇತುದಾರರೇ ಆರಿಸಿದರು. ಯುವಕರು ಹೊರಟುಹೋದ ಮೇಲೆ, 1945ರಲ್ಲಿ, ಒಂದು ಪಂದ್ಯವನ್ನಾದರೂ ಗೆಲ್ಲಲಾಗಲಿಲ್ಲ. 1946ರ ಕೊನೆಗೆ ಈ ಕಾಲೇಜಿನವರೂ ಅವರನ್ನು ಸಲಹೆಗಾರರಾಗಿ ಪಕ್ಕದಲ್ಲಿ ಕುಳಿತಿರಬೇಕೆಂದು ಕೇಳಿಕೊಂಡು, ಅವರ ಸಹಾಯಕರಾಗಿದ್ದ ಲ್ಯಾರಿ ಸೀಮರಿಂಗ್ ಎಂಬುವರಿಗೆ ತಂಡವನ್ನು ಒಪ್ಪಿಸಿದರು. ಕಾಲೇಜಿನ ಆಲೋಚನೆ ತಪ್ಪೆನ್ನುವಂತಿಲ್ಲ. ಮರುವರ್ಷ ಸೀಮರಿಂಗ್ ಅವರ ತಂಡವು ಆಡಿದ ಹನ್ನೊಂದು ಪಂದ್ಯಗಳಲ್ಲಿ ಹತ್ತನ್ನು ಗೆದ್ದಿತು. ಆದರೆ ಎಂಬತ್ತನಾಲ್ಕು ವರ್ಷದ ಹಿರಿಯರಿಗೆ ಎರಡನೆಯ ಬಾರಿ ಅದೇ ಕಹಿ ಎದುರಾಗಿತ್ತು. ಗೌರವವಿದೆ, ಕೆಲಸವಿಲ್ಲ. ಅವರು ರಾಜೀನಾಮೆ ಕೊಟ್ಟರು.

ಆಗ ಅವರ ಹಿರಿಯ ಮಗನು ನೆರವಿಗೆ ಬಂದನು. ತಂದೆಯ ಹೆಸರನ್ನೇ ಹೊತ್ತ ಕಿರಿಯ ಅಲೋಂಜೊ ಸ್ಟ್ಯಾಗ್ ಹುಟ್ಟಿದ್ದು 1899ರಲ್ಲಿ. ಚಿಕಾಗೊದ ಅಂಗಳದ ಅಂಚಿನಲ್ಲಿಯೇ ಬೆಳೆದು, ತಂದೆಯ ತಂಡದಲ್ಲಿ ಆಡಿ, ಬಳಿಕ ಕೆಲವು ವರ್ಷ ತಂದೆಗೆ ಸಹಾಯಕ ತರಬೇತುದಾರನಾಗಿ ದುಡಿದಿದ್ದನು. 1935ರಿಂದ ಪೆನ್ಸಿಲ್ವೇನಿಯಾ ರಾಜ್ಯದ ಸೆಲಿನ್ಸ್‌ಗ್ರೋವ್ ಎಂಬ ಚಿಕ್ಕ ಊರಿನ ಸಸ್ಕ್ವೆಹಾನ್ನ ವಿಶ್ವವಿದ್ಯಾನಿಲಯದಲ್ಲಿ ಮುಖ್ಯ ತರಬೇತುದಾರನಾಗಿದ್ದನು. ಹೆಸರು ವಿಶ್ವವಿದ್ಯಾನಿಲಯವಾದರೂ ಅದು ನದಿಯ ಬದಿಯಲ್ಲಿದ್ದ ಒಂದು ಸಣ್ಣ ಕಾಲೇಜು. ಸಾವಿರಗಟ್ಟಲೆ ಪ್ರೇಕ್ಷಕರು ಕೂಡುವ ಅಂಗಳ ಅಲ್ಲಿರಲಿಲ್ಲ. ದೇಶದ ಪತ್ರಿಕೆಗಳು ಅಲ್ಲಿಯ ಪಂದ್ಯಗಳನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಅಂಥ ಕಡೆಗೆ, ಖಂಡದ ಒಂದು ಅಂಚಿನಿಂದ ಇನ್ನೊಂದು ಅಂಚಿನ ಬಳಿಗೆ, ಎಂಬತ್ತೈದರ ಸ್ಟ್ಯಾಗ್ ಅವರು 1947ರಲ್ಲಿ ಹೊರಟುಬಂದರು.

ತಂದೆಯ ಕಣ್ಣೆದುರಿನಲ್ಲಿ ಆಜ್ಞೆ ಮಾಡುವುದು ಮಗನಿಗೆ ಸುಲಭವಲ್ಲ. ಮಗನ ಆಜ್ಞೆಯಂತೆ ನಡೆಯುವುದು ತಂದೆಗೆ ಇನ್ನೂ ಕಷ್ಟ. ಆ ತಂದೆಯಾದರೋ ಆಟದ ನಿಯಮಗಳನ್ನೇ ರೂಪಿಸಿದವರಲ್ಲೊಬ್ಬರು. ದೇಶವೆಲ್ಲ ಆಟದ ಪಿತಾಮಹರೆಂದು ಕರೆಯುತ್ತಿದ್ದವರು. ಇಬ್ಬರೂ ಕೆಲಸವನ್ನು ಹಂಚಿಕೊಂಡರು. ಚೆಂಡು ತಮ್ಮ ಕೈಯಲ್ಲಿದ್ದಾಗ ಮುನ್ನುಗ್ಗುವ ಆಟವನ್ನು ತಂದೆ ಕಲಿಸುವುದು. ಎದುರಾಳಿಗಳನ್ನು ತಡೆಯುವ ಆಟವನ್ನು ಮಗ ಕಲಿಸುವುದು. ಕಾಲೇಜಿನ ದಾಖಲೆಯಲ್ಲಿ ಮುಖ್ಯ ತರಬೇತುದಾರನೆಂಬ ಹೆಸರು ಮಗನದೇ ಆಗಿತ್ತು. ಐವತ್ತೇಳು ವರ್ಷ ಕೊನೆಯ ಮಾತನ್ನು ತಾವೇ ಆಡಿದ್ದ ಹಿರಿಯರು ಈಗ ಒಂದು ಪಾಲಿನ ಕೆಲಸಕ್ಕೆ ಮಾತ್ರ ಹೊಣೆಗಾರರು. ಹೆಸರಿಲ್ಲದ ಕಾಲೇಜಿನ ಹುಡುಗರಿಗೆ, ಓಡುವಾಗ ಚೆಂಡನ್ನು ಯಾವ ಕಂಕುಳಲ್ಲಿ ಇರುಕಿಕೊಳ್ಳಬೇಕು, ಹೆಜ್ಜೆಯನ್ನು ಎಲ್ಲಿ ತಿರುಗಿಸಬೇಕು ಎಂಬ ಮೊದಲ ಪಾಠಗಳನ್ನೇ ಮತ್ತೆ ಮತ್ತೆ ಹೇಳಿಕೊಡುವ ಕೆಲಸ ಅದು.

ಆರು ಋತುಗಳ ಕಾಲ ಇದು ನಡೆಯಿತು. ಕೆಲವು ವರ್ಷ ಸೋಲು ಹೆಚ್ಚು, ಕೆಲವು ವರ್ಷ ಗೆಲುವು ಹೆಚ್ಚು. 1951ರಲ್ಲಿ ಮಾತ್ರ ತಂಡವು ಆಡಿದ ಆರೂ ಪಂದ್ಯಗಳನ್ನು ಗೆದ್ದಿತು. ಸಹಾಯಕ ತರಬೇತುದಾರರ ವಯಸ್ಸು ಆಗ ಎಂಬತ್ತೊಂಬತ್ತು. ಅದೇ ವರ್ಷ ದೇಶದ ಕಾಲೇಜು ಫುಟ್‌ಬಾಲಿನ ಕೀರ್ತಿಶಾಲಿಗಳ ಪಟ್ಟಿಯನ್ನು ಮೊದಲ ಬಾರಿಗೆ ಸಿದ್ಧಪಡಿಸಿದಾಗ, ಆಟಗಾರರೆಂದೂ ತರಬೇತುದಾರರೆಂದೂ ಎರಡು ಬಗೆಯಲ್ಲಿ ಸ್ಥಾನ ಪಡೆದವರು ಸ್ಟ್ಯಾಗ್ ಒಬ್ಬರೇ.

ಸ್ಟೆಲ್ಲಾ ಅವರ ಆರೋಗ್ಯವು ಕೆಡುತ್ತ ಬಂದುದರಿಂದ ದೂರದ ಪ್ರಯಾಣ ಸಾಧ್ಯವಾಗದೆ, 1953ರಲ್ಲಿ ವೃದ್ಧ ದಂಪತಿಗಳು ಸ್ಟಾಕ್‌ಟನ್‌ನಲ್ಲಿಯೇ ನೆಲೆಸಿದರು. ಅಲ್ಲಿಗಾದರೂ ಮೈದಾನದ ನಂಟು ಮುಗಿಯಿತೆಂದು ಬಗೆದವರು ಮೋಸಹೋದರು. ಊರಿನಲ್ಲಿ ಸ್ಟಾಕ್‌ಟನ್ ಕಾಲೇಜ್ ಎಂಬ ಎರಡು ವರ್ಷದ ಓದಿನ ಕಾಲೇಜೊಂದಿತ್ತು. ಅದರ ತಂಡಕ್ಕೆ ಚೆಂಡು ಒದೆಯುವುದನ್ನು ಕಲಿಸುವ ಸಹಾಯಕರಾಗಿ ಸ್ಟ್ಯಾಗ್ ಸೇರಿಕೊಂಡರು. ಸಸ್ಕ್ವೆಹಾನ್ನದಲ್ಲಿ ಅರ್ಧ ಆಟದ ಹೊಣೆಯಿತ್ತು. ಇಲ್ಲಿ ಒಂದು ಒದೆತದ ಹೊಣೆ ಮಾತ್ರ. ಪಾದದ ಯಾವ ಭಾಗ ಚೆಂಡಿಗೆ ತಾಗಬೇಕು, ಕಣ್ಣು ಎಲ್ಲಿರಬೇಕು, ಚೆಂಡನ್ನು ಕೈಯಿಂದ ಬಿಡುವುದು ಯಾವಾಗ ಎಂಬ ಇಷ್ಟು ಪುಟ್ಟ ವಿದ್ಯೆಗಾಗಿ, ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗರು ತೊಂಬತ್ತು ದಾಟಿದ ಅಜ್ಜನ ಸುತ್ತ ನಿಲ್ಲುತ್ತಿದ್ದರು. ವಯಸ್ಸು ತೊಂಬತ್ತೈದನ್ನು ಮೀರಿದ ಮೇಲೂ ಅವರು ಈ ಕೆಲಸವನ್ನು ಬಿಡಲಿಲ್ಲ. ಮನೆಯ ಮುಂದಿನ ಹುಲ್ಲನ್ನು ತಾವೇ ಯಂತ್ರ ತಳ್ಳಿ ಕತ್ತರಿಸುತ್ತಿದ್ದರು.

1962ರಲ್ಲಿ ಅವರಿಗೆ ನೂರು ತುಂಬಿತು. ಸುಮಾರು ಎಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದ ಸ್ಟೆಲ್ಲಾ 1964ರಲ್ಲಿ ತೀರಿಕೊಂಡರು. ಮರುವರ್ಷ ಮಾರ್ಚಿ 17ರಂದು, ನೂರಎರಡನೆಯ ವಯಸ್ಸಿನಲ್ಲಿ, ಸ್ಟ್ಯಾಗ್ ಅವರೂ ಸ್ಟಾಕ್‌ಟನ್‌ನಲ್ಲಿ ಕಣ್ಣುಮುಚ್ಚಿದರು. 1973ರಿಂದ ಅಮೆರಿಕಾದ ಚಿಕ್ಕ ಕಾಲೇಜುಗಳ ಅಂತಿಮ ಪಂದ್ಯವೊಂದಕ್ಕೆ ಅವರ ಹೆಸರನ್ನು ಇಡಲಾಗಿದೆ.

ಮುಖ್ಯ ತರಬೇತುದಾರರಾಗಿ ಅವರು ಗೆದ್ದ ಪಂದ್ಯಗಳು 314 ಎಂದು ದಾಖಲೆಯಾಗಿತ್ತು. ಬಹುಕಾಲದವರೆಗೆ ಅದನ್ನು ಯಾರೂ ಮೀರಿರಲಿಲ್ಲ. 1981ರ ನವೆಂಬರಿನಲ್ಲಿ ಅಲಬಾಮಾ ವಿಶ್ವವಿದ್ಯಾನಿಲಯದ ಪಾಲ್ ಬ್ರಯಂಟ್ ಎಂಬುವರು ತಮ್ಮ 315ನೆಯ ಪಂದ್ಯವನ್ನು ಗೆದ್ದಾಗ ಆ ಲೆಕ್ಕವನ್ನು ಮತ್ತೆ ತೆಗೆದು ನೋಡಲಾಯಿತು. ಸಸ್ಕ್ವೆಹಾನ್ನದಲ್ಲಿ ತಂದೆಯೂ ಮಗನೂ ಸಮನಾಗಿ ದುಡಿದರಲ್ಲವೇ, ಅಲ್ಲಿಯ ಇಪ್ಪತ್ತಕ್ಕೂ ಮಿಕ್ಕ ಗೆಲುವುಗಳನ್ನು ತಂದೆಯ ಲೆಕ್ಕಕ್ಕೂ ಸೇರಿಸಬೇಡವೇ ಎಂಬ ವಾದವೂ ಎದ್ದಿತು. ಹಾಗೆ ಸೇರಿಸಿದ್ದರೆ ಹಿರಿಯರ ದಾಖಲೆ ಆ ವರ್ಷ ಮುರಿಯುತ್ತಿರಲಿಲ್ಲ. ಆದರೆ ಲೆಕ್ಕವನ್ನು ಬದಲಾಯಿಸಲಿಲ್ಲ. ಆ ಆರು ವರ್ಷಗಳ ಗೆಲುವುಗಳೆಲ್ಲ ಇಂದಿಗೂ ಮಗನ ಹೆಸರಿನಲ್ಲಿಯೇ ಇವೆ.